ಹಾಡು ಕಲಿಸುವಾಗ ಕಾಲಿಗೆ ಯಾವ ಕೆಲಸ ಕೊಡಬೇಕು?

ಮಳೆ ಅಂದಾಗ ಬೆರಳು ಕೆಳಗಿಳಿಸುವುದು, ಆನೆ ಅಂದಾಗ ತೋಳನ್ನು ಸೊಂಡಿಲು ಮಾಡುವುದು: ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೊಠಡಿಗಳಲ್ಲಿ ಹಾಡಿಗೆ ಅಭಿನಯ ಜೋಡಿಸುವ ಈ ಕ್ರಮವನ್ನು ನಾನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಮಕ್ಕಳಿಗೆ ಸೊಂಡಿಲು ಬರುತ್ತದೆ, ಸಾಲು ಬರುವುದಿಲ್ಲ. ಕೈಕಟ್ಟಿ ಹಾಡಿ ಅಂದರೆ ಎರಡನೇ ಸಾಲಿಗೇ ತಡವರಿಸುತ್ತಾರೆ. ಈಗ ಆಟಕ್ಕೆ ನಾನು ಒಪ್ಪಿಸುವ ಕೆಲಸ ಮೂರೇ: ತಾಳ ಹಿಡಿಯುವುದು, ಸಾಲಿನ ಉದ್ದ ಅಳೆಯುವುದು, ಸ್ವರದ ಏರಿಳಿತ ತೋರಿಸುವುದು. ಅದೂ ಒಂದು ಸಲಕ್ಕೆ ಒಂದೇ.

ಮೊದಲ ಎರಡು ಸುತ್ತು ಹಾಡುವವಳು ನಾನು ಮಾತ್ರ. ಮಕ್ಕಳು ಬಾಯಿ ಮುಚ್ಚಿ ವೃತ್ತದಲ್ಲಿ ನಡೆಯಬೇಕು. ಆದಿತಾಳದ ಹಾಡಾದರೆ ಆವರ್ತಕ್ಕೆ, ಅಂದರೆ ತಾಳದ ಒಂದು ಪೂರ್ತಿ ಎಣಿಕೆಗೆ, 8 ಹೆಜ್ಜೆ. ಮೂರನೇ ಸುತ್ತಿನಲ್ಲಿ ಸಾಲಿನ ಕೊನೆಯ ಪದವನ್ನಷ್ಟೇ ಅವರು ಹಾಡುತ್ತಾರೆ, ನಾಲ್ಕರಲ್ಲಿ ಪೂರ್ತಿ ಸಾಲು. ನಡೆಯುತ್ತ ಹಾಡಿಸಬಹುದು, ಹಾರುತ್ತ ಹಾಡಿಸಬಾರದು. ಹಾರಿದರೆ ಉಸಿರು ತುಂಡಾಗಿ ದನಿ ಕಿರುಚಾಟವಾಗುತ್ತದೆ.

ತಾಳ ಬಿದ್ದು ಅರ್ಧ ಎಣಿಕೆಯ ಮೇಲೆ ಎತ್ತಿಕೊಳ್ಳುವ ಹಾಡುಗಳಲ್ಲಿ ಮಕ್ಕಳು ಯಾವಾಗಲೂ ಮುಂಚೆಯೇ ನುಗ್ಗುತ್ತಾರೆ. 'ಕಾಯಿರಿ' ಎಂದು ಹೇಳಿ ಪ್ರಯೋಜನವಿಲ್ಲ. ಪಾದ ಊರಿದಾಗ ಬಾಯಿ ಮುಚ್ಚಿರಲಿ, ಹಿಮ್ಮಡಿ ಎತ್ತುವಾಗ ತೆರೆಯಲಿ. ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ತಾನಾಗಿ ಸರಿಹೋಗುತ್ತದೆ.

ನಡಿಗೆಯ ದೊಡ್ಡ ತೊಂದರೆ ಓಟ. ಚಿಕ್ಕವರ ಹೆಜ್ಜೆ ಗಿಡ್ಡ, ಮುಂದಿನವರನ್ನು ಮುಟ್ಟುವ ಅವಸರ ಬೇರೆ. ನಾಲ್ಕನೇ ಆವರ್ತಕ್ಕೆ ಕಾಲ (ಹಾಡಿನ ವೇಗ) ಏರಿಬಿಟ್ಟಿರುತ್ತದೆ. ಆಗ ಕೂರಿಸಿ ತೆಂಗಿನ ಕರಟ ಕೊಡುತ್ತೇನೆ. ತಲಾ ಒಂದು, ನಾರು ಕೆರೆದು ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿದ್ದು. ಎತ್ತು, ನೆಲಕ್ಕೆ ತಟ್ಟು, ಬಲಗಡೆಯವರ ಮುಂದಿಡು, ಕೈ ಹಿಂದಕ್ಕೆ ತಾ: ನಾಲ್ಕು ಎಣಿಕೆ, ಆವರ್ತಕ್ಕೆ ಎರಡು ಸಲ. ಕೈ ಅಷ್ಟು ದೂರ ಹೋಗಿಬರಬೇಕಾದ್ದರಿಂದ ಓಡಲು ಆಗುವುದಿಲ್ಲ. ಯಾರಾದರೂ ತಪ್ಪಿದರೆ ಅವರ ಮುಂದೆ ಕರಟ ರಾಶಿ ಬೀಳುತ್ತದೆ, ಬಯ್ಯುವ ಅಗತ್ಯವೇ ಬರುವುದಿಲ್ಲ.

ಮಲೆನಾಡಿನ ಮಳೆಗಾಲಕ್ಕೂ ಇದೇ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಸಿಗುವುದಿಲ್ಲ, ಒದ್ದೆ ಕಾಲಿಗೆ ಜಗಲಿ ಜಾರುತ್ತದೆ. ಹೆಜ್ಜೆಯ ಗುರುತಿಗೆಂದು ಅಡಿಕೆ ಹಾಳೆ ಹಾಸುವ ಆಸೆ ಬೇಡ; ಸಿಮೆಂಟು ನೆಲದಲ್ಲಿ ಅದು ಜಾರುಬಂಡಿ. ಗೋಣಿಚೀಲ ಸಾಕು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹಿಂದಿನ ಸಾಲಿಗೆ ನನ್ನ ದನಿ ತಲುಪುವುದಿಲ್ಲ, ಅವರು ಮುಂದಿನವರನ್ನು ಕೇಳಿಕೊಂಡು ಹಿಂದೆ ಬೀಳುತ್ತಾರೆ. ವೃತ್ತದಲ್ಲಿ ಕೂತರೆ ತಾಳ ಕಣ್ಣಿಗಾದರೂ ಕಾಣುತ್ತದೆ.

ಏರಿಳಿತಕ್ಕೆ ಕೈಯೆತ್ತರ: ಷಡ್ಜ (ಕೆಳಗಿನ ಸ) ಮೊಣಕಾಲಿಗೆ, ಪಂಚಮ (ಪ) ಎದೆಗೆ, ತಾರಷಡ್ಜ (ಮೇಲಿನ ಸ) ನೆತ್ತಿಗೆ. ಕೈ ಮೇಲೆ ಹೋದರೆ ಜೋರಾಗಿ ಹಾಡಬೇಕು ಎಂದುಕೊಳ್ಳುತ್ತಾರೆ. ಹಾಗಾಗಿ ಮೊದಲು ಬಾಯಿ ಮುಚ್ಚಿ ಗುನುಗಿಸಿ.

ಹಿರಿಯ ಪ್ರಾಥಮಿಕದವರಿಗೆ ನಡಿಗೆ ನಿಜಕ್ಕೂ ಬೆಲೆಬಾಳುವುದು ಆರು ಸಾಲಿನ ಪದ್ಯವಾದ ಷಟ್ಪದಿಯಲ್ಲಿ. ಭಾಮಿನಿ ಷಟ್ಪದಿಯ ಲಯ 3+4 ಮಾತ್ರೆ (ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ). ದಿನನಿತ್ಯದ ಹಾಡುಗಳಲ್ಲಿ ಹೆಚ್ಚಿನವು ನಾಲ್ಕರ ನಡೆಯವು, ಆ ರೂಢಿಗೆ ಮಕ್ಕಳು ಮೂರನ್ನೂ ನಾಲ್ಕಕ್ಕೆ ಎಳೆದು ಏಳನ್ನು ಎಂಟು ಮಾಡುತ್ತಾರೆ. ಚಪ್ಪಾಳೆಯಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಎರಡು ಚಪ್ಪಾಳೆಗಳ ನಡುವಿನ ಜಾಗ ಕಣ್ಣಿಗೆ ಕಾಣದು. ಹೆಜ್ಜೆಯಲ್ಲಿ ಕಾಣುತ್ತದೆ. ಬಲಗಾಲು ಗಿಡ್ಡ ಹೆಜ್ಜೆ, 'ತಕಿಟ'. ಎಡಗಾಲು ಉದ್ದ ಹೆಜ್ಜೆ, 'ತಕಧಿಮಿ'. ನೋಡುವವರಿಗೆ ಕುಂಟು ನಡಿಗೆ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಹೆಜ್ಜೆ, ಮೂರನೆಯದಕ್ಕೆ ಆರು, ಅದರ ಕೊನೆಯ ಗುರುವಿಗೆ (ಎರಡು ಮಾತ್ರೆಯ ಅಕ್ಷರಕ್ಕೆ) ಎರಡೂ ಪಾದ ಜೋಡಿಸಿ ನಿಲ್ಲುವುದು. ಅಲ್ಲಿಂದ ತಿರುಗಿ ಉಳಿದ ಮೂರು ಸಾಲು ವಾಪಸ್. ಒಂದು ದಾರಿಗೆ 14 ಹೆಜ್ಜೆ, ಸಾಧಾರಣ ತರಗತಿ ಕೋಣೆಗೆ ಹಿಡಿಸುತ್ತದೆ. ಹೆಜ್ಜೆಗಳೆಲ್ಲ ಸಮಸಂಖ್ಯೆಯಾದ್ದರಿಂದ ಪ್ರತಿ ಸಾಲೂ ಬಲಗಾಲಿನಿಂದಲೇ ಶುರುವಾಗಬೇಕು. ಯಾರಾದರೂ ಎಡಗಾಲು ಮುಂದಿಟ್ಟರೆ ಹಿಂದಿನ ಸಾಲಿನಲ್ಲಿ ಒಂದು ಗಣ (ಒಂದು ಹೆಜ್ಜೆಯ ಮಾತ್ರೆಗಳ ಗುಂಪು) ನುಂಗಿದ್ದಾರೆ ಎಂದೇ ಅರ್ಥ. ವಾರ್ಧಕ ಷಟ್ಪದಿಗೂ ಎಣಿಕೆ ಇದೇ 4-4-6, ಆದರೆ ಐದೈದು ಮಾತ್ರೆಯ ಸಮ ಹೆಜ್ಜೆ. ಎರಡನ್ನೂ ಒಂದಾದಮೇಲೊಂದು ನಡೆಸಿದರೆ ಛಂದಸ್ಸಿನ ಪಾಠದ ಅರ್ಧ ಮುಗಿದಂತೆ.

ಆದರೆ ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ತಾಳವಿಲ್ಲ. ಶಿವಮೊಗ್ಗದ ಪಕ್ಕದಲ್ಲೇ ಗಮಕಕ್ಕೆ ಹೆಸರಾದ ಹೊಸಹಳ್ಳಿ ಇರುವಾಗ, ಭಾಮಿನಿಯನ್ನು ಕವಾಯತಿನಂತೆ ಕುಟ್ಟಿಸಿದರೆ ಇಲ್ಲಿನ ಕಿವಿಗಳು ಸುಮ್ಮನಿರುವುದಿಲ್ಲ! ನಡಿಗೆ ಮಾತ್ರೆ ತಿಳಿಯಲಿಕ್ಕೆ ಮಾತ್ರ. ವಾಚನಕ್ಕೆ ಕೂತಾಗ ಅದನ್ನು ಬಿಡಿಸಬೇಕು.

ಬಿಡಿಸುವುದಕ್ಕೂ ಕ್ರಮವಿದೆ. ಮೊದಲು ಪೂರ್ತಿ ಹೆಜ್ಜೆ, ಆಮೇಲೆ ನಿಂತಲ್ಲೇ ಹಿಮ್ಮಡಿ, ಆಮೇಲೆ ಕಾಲಿನ ಹೆಬ್ಬೆರಳು ಮಾತ್ರ, ಕೊನೆಗೆ ಏನೂ ಇಲ್ಲ. ಒಂದೊಂದಕ್ಕೆ ಒಂದೊಂದು ತರಗತಿ. ನೆಟ್ಟಗೆ ನಿಂತೇ ಹಾಡಬೇಕಾದ ನಾಡಗೀತೆಗೆ ಈ ಇಳಿಕೆ ಕಡ್ಡಾಯ. 2022ರಲ್ಲಿ ಸರ್ಕಾರ ಅದಕ್ಕೆ ಎರಡೂವರೆ ನಿಮಿಷ ಗೊತ್ತುಮಾಡಿದೆ, ಕಾಲ ಓಡಿದರೂ ಎಳೆದರೂ ಲೆಕ್ಕ ತಪ್ಪುತ್ತದೆ.

ಹಾಡು ಕೂತಿದೆಯೇ ಎಂದು ನೋಡಲು ನಡುವೆ ಕೈ ಎತ್ತುತ್ತೇನೆ: ದನಿ ನಿಲ್ಲಬೇಕು, ಹೆಜ್ಜೆ ನಡೆಯುತ್ತಿರಬೇಕು. ಒಂದು ಆವರ್ತ ಬಿಟ್ಟು ಕೈ ಇಳಿಸಿದಾಗ ಎಲ್ಲರೂ ಒಂದೇ ಪದದಿಂದ ಎತ್ತಿಕೊಂಡರೆ ಮುಂದಿನ ಹಾಡಿಗೆ ಹೋಗಬಹುದು. ಇಲ್ಲವಾದರೆ ಮತ್ತೆ ಕರಟ.