ಮರಿಗೆ ಕಾವೂ ಬೇಕು, ಗಾಳಿಯೂ ಬೇಕು: ಗ್ಯಾಸ್ ಬ್ರೂಡರ್ ಬಳಸುವ ಕ್ರಮ

ಕಾರ್ತಿಕ ಕಳೆದು ಚಳಿ ಹಿಡಿಯಿತೆಂದರೆ ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬ್ರಾಯ್ಲರ್ ಶೆಡ್‌ಗಳನ್ನು ಪೊಟ್ಟಣದ ಹಾಗೆ ಕಟ್ಟಿಬಿಡುತ್ತಾರೆ. ನಾಲ್ಕೂ ಬದಿಗೆ ಟಾರ್ಪಾಲ್, ಸಂದಿಗೆಲ್ಲ ಗೋಣಿಚೀಲ, ಒಳಗೆ ಕೋಳಿಮರಿಗಳಿಗೆ ಕಾವು ಕೊಡುವ ಗ್ಯಾಸ್ ಬ್ರೂಡರ್. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಕಣ್ಣು ಉರಿಯುತ್ತದೆ, ಐದು ನಿಮಿಷ ನಿಂತರೆ ತಲೆ ಹಿಡಿಯುತ್ತದೆ. ಅಲ್ಲಿ ಮರಿ ಸತ್ತರೆ ಚಳಿಗೆ ಸತ್ತಿತು ಎಂದುಕೊಂಡು ಮರುದಿನ ಇನ್ನೊಂದು ಸುತ್ತು ಟಾರ್ಪಾಲ್ ಕಟ್ಟುತ್ತಾರೆ. ಸತ್ತದ್ದು ಎಷ್ಟೋ ಸಲ ಚಳಿಗಲ್ಲ, ಉಸಿರು ಕಟ್ಟಿ.

ಮೊದಲ ಎರಡು ವಾರ ಮರಿಗೆ ಮೈ ಶಾಖ ಕಾಯ್ದುಕೊಳ್ಳುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ಹಾಗಾಗಿ ಕಾವು ಕೊಡಲೇಬೇಕು. ಅದನ್ನು ಗ್ಯಾಸ್‌ನಲ್ಲಿ ಕೊಡುವುದು ತೆರೆದ ಇದ್ದಿಲ ಒಲೆಗಿಂತ ಎಷ್ಟೋ ಮೇಲು. ಕರೆಂಟ್ ನಂಬಿ ಬಲ್ಬ್ ನೇತುಹಾಕುವುದಕ್ಕಿಂತಲೂ ಮೇಲು. ಆದರೆ ಗ್ಯಾಸ್ ಉರಿಯಲು ಗಾಳಿ ಬೇಕು, ಉರಿದ ಮೇಲೆ ಬಂದದ್ದು ಹೊರಗೆ ಹೋಗಬೇಕು. ಕೆಳಗೆ ಹೇಳುವ ಕ್ರಮವೆಲ್ಲ ಈ ಎರಡಕ್ಕೇ.

ಸಿಲಿಂಡರ್ ಹೊರಗೆ, ನೆಟ್ಟಗೆ

ಸಿಲಿಂಡರ್ ಶೆಡ್‌ನ ಹೊರಗೆ, ನೆರಳಿನಲ್ಲಿ, ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಬಳಸಬೇಕಾದದ್ದು 19 ಕೆಜಿಯ ನೀಲಿ ವಾಣಿಜ್ಯ ಸಿಲಿಂಡರ್. 14.2 ಕೆಜಿಯ ಕೆಂಪು ಸಿಲಿಂಡರ್ ಅಡುಗೆಮನೆಯದು, ಶೆಡ್‌ಗೆ ತಂದರೆ ಕಾನೂನಿಗೂ ತಪ್ಪು. ಇಳಿಸಿಕೊಳ್ಳುವಾಗ ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿ ನೋಡಿ: ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ, ಜೊತೆಗೆ ಇಸವಿಯ ಎರಡು ಅಂಕಿ ಇರುತ್ತವೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಿಲಿಂಡರ್ ಅಷ್ಟರೊಳಗೆ ಮರುಪರೀಕ್ಷೆಗೆ ಹೋಗಬೇಕು ಎಂದರ್ಥ. ಅವಧಿ ಮುಗಿದದ್ದಾದರೆ ವಾಪಸ್ ಕಳಿಸಿ.

ಗೋಡೆಯವರೆಗೂ, ಒಳಗೆ ಸೂರಿನುದ್ದಕ್ಕೂ ಲೋಹದ ಪೈಪ್ ಎಳೆಸಿ. ರಬ್ಬರ್ ಹೋಸ್ ಕೊನೆಯ ತುಂಡಿಗೆ ಮಾತ್ರ, ಅದೂ ಐಎಸ್‌ಐ ಗುರುತಿರುವ, ಒಳಗೆ ಉಕ್ಕಿನ ತಂತಿ ಇರುವಂಥದ್ದು. ಸಂತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ತೆಳು ಪೈಪನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಶೆಡ್ ಎಂದ ಮೇಲೆ ಇಲಿ ಇದ್ದೇ ಇರುತ್ತದೆ, ಇಲಿಗೆ ಮೆತ್ತನೆಯ ರಬ್ಬರ್ ಕಚ್ಚುವುದು ಒಂದು ರಾತ್ರಿಯ ಕೆಲಸ. ತಂತಿ ಸುತ್ತಿ ಬಿಗಿದ ಜೋಡಣೆಯೂ ಬೇಡ, ಸ್ಕ್ರೂ ಇರುವ ಕ್ಲ್ಯಾಂಪ್ ಹಾಕಿ. ರೆಗ್ಯುಲೇಟರ್ ನಿಮ್ಮ ಬ್ರೂಡರ್‌ನ ಪಟ್ಟಿಯಲ್ಲಿ ಬರೆದಿರುವ ಒತ್ತಡಕ್ಕೆ ಹೊಂದುವುದೇ ಆಗಿರಲಿ.

ಚಳಿಗಾಲದ ಇನ್ನೊಂದು ಕಾಟ ಸಿಲಿಂಡರ್ ತಣ್ಣಗಾಗುವುದು. ದ್ರವ ಆವಿಯಾಗುವಾಗ ಸಿಲಿಂಡರ್‌ನ ಶಾಖವನ್ನೇ ಹೀರುತ್ತದೆ. ಒಂದೇ ಸಿಲಿಂಡರ್‌ಗೆ ಮೂರು ನಾಲ್ಕು ಬ್ರೂಡರ್ ಜೋಡಿಸಿದರೆ ನಡುರಾತ್ರಿಯ ಹೊತ್ತಿಗೆ ಅದರ ಮೈಮೇಲೆ ಹನಿ ಕೂತು, ಹಿಮ ಕಟ್ಟಿ, ಗ್ಯಾಸ್ ಒತ್ತಡ ಇಳಿಯುತ್ತದೆ. ಆಗ ಕುದಿನೀರು ಸುರಿಯುವವರಿದ್ದಾರೆ, ಪಕ್ಕದಲ್ಲಿ ಬೆಂಕಿ ಹಾಕುವವರೂ ಇದ್ದಾರೆ. ಸಿಲಿಂಡರ್ ಮಲಗಿಸುವುದು ಇವೆಲ್ಲಕ್ಕಿಂತ ಮಾಮೂಲು. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ಇಳಿದು ಬರ್ನರ್‌ನಲ್ಲಿ ಉದ್ದನೆಯ ಜ್ವಾಲೆ ಏಳುತ್ತದೆ, ಕೆಳಗೆ ಒಣ ಭತ್ತದ ಹೊಟ್ಟು ಇರುತ್ತದೆ. ಸರಿಯಾದ ದಾರಿ ಒಂದೇ: ಎರಡು ಮೂರು ಸಿಲಿಂಡರ್‌ಗಳನ್ನು ಮ್ಯಾನಿಫೋಲ್ಡ್ ಎಂಬ ಕೂಡು ಪೈಪಿಗೆ ಒಟ್ಟಿಗೆ ಜೋಡಿಸಿ. ಆಗ ಯಾವುದರ ಮೇಲೂ ಅಷ್ಟು ಎಳೆತ ಬೀಳುವುದಿಲ್ಲ.

ನೇತುಹಾಕುವುದು

ಬ್ರೂಡರ್ ತೂಗಬೇಕಾದದ್ದು ಸರಪಳಿಯಿಂದ, ಶೆಡ್‌ನ ಕಬ್ಬಿಣದ ಟ್ರಸ್‌ಗೆ. ಪ್ಲಾಸ್ಟಿಕ್ ಹಗ್ಗ ಕರಗುತ್ತದೆ, ತೆಂಗಿನ ಹಗ್ಗ ಉರಿಯುತ್ತದೆ. ಬೇರೆ ಕೊಕ್ಕೆಗೆ ಇನ್ನೊಂದು ಸರಪಳಿ ಕಾವಲಿಗಿರಲಿ. ಎತ್ತರ ತಯಾರಕರು ಹೇಳಿದಷ್ಟು, ಅದಕ್ಕಿಂತ ಒಂದಂಗುಲವೂ ಕೆಳಗೆ ಬೇಡ. ಕಾವು ಸಾಲದಿದ್ದರೆ ಬ್ರೂಡರ್ ಹೆಚ್ಚಿಸಿ, ಇದ್ದದ್ದನ್ನು ಇಳಿಸಬೇಡಿ. ದೊಡ್ಡದೊಂದರ ಬದಲು ಚಿಕ್ಕವು ಎರಡು ಇರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಕೈಕೊಟ್ಟರೂ ಬೆಳಗಿನವರೆಗೆ ಇನ್ನೊಂದು ಕಾಯುತ್ತದೆ.

ಸೋರಿಕೆ ಪರೀಕ್ಷೆಗೆ ಸೋಪಿನ ನೊರೆ. ಪ್ರತಿ ಜೋಡಣೆಗೂ ಹಚ್ಚಿ, ಗುಳ್ಳೆ ಎದ್ದರೆ ಬಿಗಿ ಮಾಡಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ರೂಢಿ ಇಂದೇ ನಿಲ್ಲಲಿ.

ಹಚ್ಚುವುದು: ಇಲ್ಲಿ ಅವಸರ ಬೇಡ

ಬ್ರೂಡರ್ ಬರ್ನರ್ ಪಕ್ಕದಲ್ಲಿ ಪೆನ್ಸಿಲ್ ತುದಿಯಂಥ ಒಂದು ಲೋಹದ ಕಡ್ಡಿ ಜ್ವಾಲೆಗೆ ತಾಗಿಕೊಂಡು ನಿಂತಿರುತ್ತದೆ. ಇದೇ ಥರ್ಮೋಕಪಲ್. ಜ್ವಾಲೆಯ ಬಿಸಿಯಿಂದ ಇದರಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತು ಗ್ಯಾಸ್ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಜ್ವಾಲೆ ಆರಿದರೆ ಕಡ್ಡಿ ತಣಿಯುತ್ತದೆ, ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಡೀ ಯಂತ್ರದಲ್ಲಿ ನಿಮ್ಮ ಜೀವ ಕಾಯುವ ಭಾಗ ಇದು.

ಹಚ್ಚುವಾಗ ಮೊದಲು ಬದಿಯ ಟಾರ್ಪಾಲ್ ಪರದೆ ಒಂದಡಿ ಇಳಿಸಿ, ಬಾಗಿಲು ತೆರೆದಿಡಿ. ಸಿಲಿಂಡರ್ ವಾಲ್ವ್ ನಿಧಾನವಾಗಿ ತಿರುಗಿಸಿ. ಉದ್ದ ಹಿಡಿಕೆಯ ಲೈಟರ್‌ನ ಕಿಡಿ ಮೊದಲು, ಅನಂತರ ಬ್ರೂಡರ್‌ನ ಗುಂಡಿ ಒತ್ತುವುದು. ಈ ಕ್ರಮ ತಿರುಗಾಮುರುಗಾ ಆಗಬಾರದು. ಹೊತ್ತಿಕೊಂಡ ಮೇಲೆ ಗುಂಡಿಯನ್ನು 20–30 ಸೆಕೆಂಡ್ ಒತ್ತಿಯೇ ಹಿಡಿದಿರಿ, ಕಡ್ಡಿ ಕಾಯಬೇಕು. ಆಮೇಲೆ ಮೆಲ್ಲಗೆ ಬಿಡಿ. ಬಿಟ್ಟಾಗ ಆರಿದರೆ ಮತ್ತೆ ಹಚ್ಚುವ ಮುನ್ನ ಗ್ಯಾಸ್ ನಿಲ್ಲಿಸಿ, ಕನಿಷ್ಠ ಐದು ನಿಮಿಷ ಕಾಯಿರಿ.

ಕಾಯುವ ತಾಳ್ಮೆ ಇಲ್ಲದವರು ಮಾಡುವ ಕೆಲಸ ಹೇಳಲೇಬೇಕು. ಪದೇಪದೇ ಆರುತ್ತದೆ ಎಂದು ಗುಂಡಿ ಒತ್ತಿಹಿಡಿದು ಸೈಕಲ್ ಟ್ಯೂಬಿನಿಂದ ಕಟ್ಟಿಬಿಡುತ್ತಾರೆ. ಥರ್ಮೋಕಪಲ್ ಬಿಚ್ಚಿಸಿ ವಾಲ್ವನ್ನು ಕಾಯಂ ತೆರೆದಿಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅಂಥ ಬ್ರೂಡರ್ ರಾತ್ರಿ ಗಾಳಿಗೆ ಆರಿತೆಂದುಕೊಳ್ಳಿ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೇರಿ ಹೋಗುವುದಿಲ್ಲ. ನಮ್ಮ ಶೆಡ್‌ಗಳಿಗೆ ಬದಿಯಲ್ಲಿ ಒಂದು ಒಂದೂವರೆ ಅಡಿಯ ಗೋಡೆ, ಅದರ ಮೇಲೆ ಜಾಲರಿ. ಆ ಗಿಡ್ಡ ಗೋಡೆಯ ಒಳಗೆ, ಹೊಟ್ಟಿನ ಮೇಲೆ, ಮರಿಗಳ ಮಟ್ಟದಲ್ಲಿ ಗ್ಯಾಸ್ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ವಾಸನೆ ಬಂತೆಂದು ಎದ್ದವನು ಮೊದಲು ಹುಡುಕುವುದು ಲೈಟಿನ ಸ್ವಿಚ್ಚನ್ನೇ.

ಆದ್ದರಿಂದ ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಹೋಗಿ ಸಿಲಿಂಡರ್ ಮುಚ್ಚಿ. ಎರಡೂ ಕಡೆಯ ಬಾಗಿಲು ಪೂರ್ತಿ ತೆರೆಯಿರಿ. ನೆಲಮಟ್ಟದ ಗ್ಯಾಸ್ ಹೋಗುವುದು ಬಾಗಿಲಿನಿಂದ, ಮೇಲಿನ ಪರದೆ ಇಳಿಸಿದರೆ ಸಾಲದು. ಗ್ಯಾಸ್ ಸೋರಿಕೆಗೆಂದೇ 1906 ಸಹಾಯವಾಣಿ ಇದೆ, ಶೆಡ್‌ನಿಂದ ದೂರ ಬಂದು ಕರೆ ಮಾಡಿ. ಕೊಳ್ಳುವಾಗಲೇ ಥರ್ಮೋಕಪಲ್ ಇಲ್ಲದ ಅಗ್ಗದ ಬ್ರೂಡರ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಪದೇಪದೇ ಆರುವ ಬ್ರೂಡರ್‌ನಲ್ಲಿ ಬಹುಪಾಲು ಕಡ್ಡಿಯ ತುದಿಗೆ ಮಸಿ ಹಿಡಿದಿರುತ್ತದೆ, ಇಲ್ಲವೆ ಅದು ಜ್ವಾಲೆಯಿಂದ ಸರಿದಿರುತ್ತದೆ. ಒರೆಸಿ, ಸ್ವಸ್ಥಾನದಲ್ಲಿ ಕೂರಿಸಿದರೆ ಸರಿಹೋಗುತ್ತದೆ. ಹೋಗದಿದ್ದರೆ ಹೊಸ ಕಡ್ಡಿ ಹಾಕಿಸಿ.

ಪರದೆ: ಮೇಲಿನಿಂದ ತೆರೆಯಬೇಕು

ಲೆಕ್ಕ ನೋಡಿ. 5 ಕಿಲೋವ್ಯಾಟ್‌ನ ಬ್ರೂಡರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 400 ಗ್ರಾಂ ಗ್ಯಾಸ್ ಬೇಕು. ಒಂದು ಕೆಜಿ ಗ್ಯಾಸ್ ಉರಿಯಲು 12–13 ಘನ ಮೀಟರ್ ಗಾಳಿ ಬೇಕು. ಉರಿದಾಗ ಮೂರು ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಜೊತೆಗೆ ಒಂದೂವರೆ ಕೆಜಿಗೂ ಮಿಕ್ಕಿ ನೀರಾವಿ. ಅಂದರೆ ಒಂದು ಬ್ರೂಡರ್ ಒಂದು ದಿನದಲ್ಲಿ ಶೆಡ್‌ನೊಳಗೆ ಹದಿನೈದು ಲೀಟರ್ ನೀರು ಬಿಡುತ್ತದೆ. ಮುಚ್ಚಿದ ಶೆಡ್‌ನಲ್ಲಿ ಈ ನೀರು ಶೀಟಿಗೆ ತಾಗಿ ತೊಟ್ಟಿಕ್ಕುತ್ತದೆ, ಹೊಟ್ಟು ಒದ್ದೆಯಾಗುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಕಣ್ಣು ಉರಿಯುವುದು ಅದಕ್ಕೇ. ಇತ್ತ ಆಮ್ಲಜನಕ ಕಡಿಮೆಯಾದಾಗ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡತೊಡಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲ ವಾರ ಉಸಿರಿಗೆ ಒದ್ದಾಡಿ ಉಳಿದ ಮರಿಗಳಲ್ಲಿ ಕೆಲವು ನಾಲ್ಕನೇ ವಾರ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ. ಆಗ ಯಾರಿಗೂ ಬ್ರೂಡರ್ ನೆನಪಿರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಪರದೆಯನ್ನು ಕೆಳಗಡೆ ಗಿಡ್ಡ ಗೋಡೆಗೆ ಭದ್ರವಾಗಿ ಕಟ್ಟಿ, ಮೇಲ್ತುದಿಯನ್ನು ಹಗ್ಗ ರಾಟೆಯಿಂದ ಏರಿಸಿ ಇಳಿಸುವಂತೆ ಮಾಡಿಸಿ. ನಮ್ಮಲ್ಲಿ ಬಹಳ ಕಡೆ ಇದು ತಲೆಕೆಳಗಾಗಿರುತ್ತದೆ. ಮೇಲೆ ಮೊಳೆ ಹೊಡೆದು, ಗಾಳಿ ಬೇಕಾದಾಗ ಕೆಳಗಿನಿಂದ ಎತ್ತುತ್ತಾರೆ. ಆಗ ಚಳಿಗಾಳಿ ಸೀದಾ ಮರಿಗೆ ಬಡಿಯುತ್ತದೆ, ಮೇಲೆ ನಿಂತ ಕೆಟ್ಟ ಗಾಳಿ ಅಲ್ಲೇ ಉಳಿಯುತ್ತದೆ. ಮೇಲಿನಿಂದ ತೆರೆದರೆ ಬಿಸಿಯಾದ ಕೆಟ್ಟ ಗಾಳಿ ಹೊರಗೆ ಹೋಗುತ್ತದೆ, ಮರಿಗೆ ಚಳಿ ತಾಗುವುದಿಲ್ಲ. ಎಷ್ಟೇ ಚಳಿ ಇರಲಿ, ಎರಡೂ ಬದಿ ಮೇಲ್ಗಡೆ ಒಂದು ಗೇಣು ಸಂದಿ ರಾತ್ರಿಯಿಡೀ ಇರಲಿ. ಗ್ಯಾಸ್ ಖರ್ಚು ಸ್ವಲ್ಪ ಹೆಚ್ಚುತ್ತದೆ ನಿಜ. ಉಳಿಸಬೇಕೆಂದರೆ ಇಡೀ ಶೆಡ್ ಕಾಯಿಸುವ ಬದಲು ಒಂದು ಭಾಗಕ್ಕೆ ಅಡ್ಡ ಪರದೆ ಹಾಕಿ ಅಷ್ಟರಲ್ಲೇ ಮರಿ ಬಿಡಿ. ಗಾಳಿಯಲ್ಲಿ ಉಳಿತಾಯ ಮಾಡಬೇಡಿ.

ಬ್ರೂಡರ್ ಉರಿಯುವ ಶೆಡ್‌ನೊಳಗೆ ಯಾರೂ ಮಲಗಬಾರದು. ಕೂಲಿಗೆ ಬಂದ ಕುಟುಂಬಗಳು ಬೆಚ್ಚಗಿರುತ್ತದೆಂದು ಮಕ್ಕಳನ್ನೂ ಕರೆದುಕೊಂಡು ಅಲ್ಲೇ ಮಲಗುವುದುಂಟು. ಅವರಿಗೆ ಹೊರಗೆ ಬೆಚ್ಚನೆಯ ಕೋಣೆ ಕೊಡುವುದು ಮಾಲೀಕರ ಕರ್ತವ್ಯ. ಗ್ಯಾಸ್ ಜೊತೆಗೆ ಡ್ರಮ್ಮಿನಲ್ಲಿ ಇದ್ದಿಲನ್ನೂ ಹಚ್ಚುವ ಕಡೆ ಅಪಾಯ ಇನ್ನೂ ಹೆಚ್ಚು. ಶೆಡ್‌ನಲ್ಲಿದ್ದವರಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ತಕ್ಷಣ ಹೊರಗೆ ತಂದು 108ಕ್ಕೆ ಕರೆ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಶೆಡ್‌ನಲ್ಲಿ ಹಾಕಿಸಿ, ಒಂದು ಬ್ಯಾಚ್‌ನ ಮುಂದೆ ಅದರ ಬೆಲೆ ಏನೂ ಅಲ್ಲ.

ಕಾವು ನೋಡುವುದು

ಮರಿ ಬರುವ 24 ಗಂಟೆ ಮುಂಚೆ ಬ್ರೂಡರ್ ಹಚ್ಚಿ, ಹೊಟ್ಟೂ ಬೆಚ್ಚಗಾಗಬೇಕು. ಥರ್ಮಾಮೀಟರ್ ಇರಬೇಕಾದದ್ದು ಮರಿಯ ಬೆನ್ನಿನ ಮಟ್ಟದಲ್ಲಿ, ಹೊಟ್ಟಿನಿಂದ ಎರಡಂಗುಲ ಮೇಲೆ, ಬ್ರೂಡರ್ ಅಂಚಿನ ನೇರಕ್ಕೆ. ಕಣ್ಣಿನ ಮಟ್ಟಕ್ಕೆ ಕಂಬಕ್ಕೆ ತೂಗುಹಾಕಿದ್ದು ನಿಮ್ಮ ಕಾವು ತೋರಿಸುತ್ತದೆ, ಮರಿಯದ್ದಲ್ಲ. ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸಿ.

ಆದರೂ ಕೊನೆಯ ಮಾತು ಮರಿಯದ್ದೇ. ಬ್ರೂಡರ್ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡರೆ ಚಳಿ. ಮರಿಗಳ ಸುತ್ತ ನಿಲ್ಲಿಸಿದ ಗಾರ್ಡ್‌ನ ಅಂಚಿಗೆ ಓಡಿ, ರೆಕ್ಕೆ ಬಿಡಿಸಿ, ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಒಂದೇ ಪಕ್ಕಕ್ಕೆ ಸೇರಿದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಎಲ್ಲೆಡೆ ಹರಡಿ ಮೇಯುತ್ತ, ಸಣ್ಣಗೆ ಚಿಲಿಪಿಲಿಗುಟ್ಟಿದರೆ ಸರಿಯಾಗಿದೆ. ಮರಿ ಎತ್ತಿ ಅದರ ಪಾದಗಳನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ಪಾದ ತಣ್ಣಗಿದ್ದರೆ ಮೇಲೆ ಎಷ್ಟೇ ಕಾವಿದ್ದರೂ ಹೊಟ್ಟು ತಣ್ಣಗಿದೆ ಎಂದೇ ಅರ್ಥ.

ಫ್ಯಾನ್ ಇರುವ ಬಿಸಿಗಾಳಿ ಬ್ಲೋವರ್ ಇದ್ದವರಿಗೆ ಒಂದು ಮಾತು: ಕರೆಂಟ್ ಹೋದಾಗ ಗ್ಯಾಸ್ ತಾನಾಗಿ ನಿಲ್ಲುತ್ತದೆಯೇ ಎಂದು ಮರಿ ಬರುವ ಮುಂಚೆ ಮೇನ್ ಸ್ವಿಚ್ ತೆಗೆದು ಪರೀಕ್ಷಿಸಿ. ನಿಲ್ಲದಿದ್ದರೆ ಅದನ್ನು ಬಳಸಬೇಡಿ.

ಬ್ಯಾಚ್ ಹೋದ ಮೇಲೆ

ಶೆಡ್‌ನ ದೂಳು ಸಾಮಾನ್ಯವಲ್ಲ. ಗರಿ, ಹೊಟ್ಟು, ಫೀಡ್ ಪುಡಿ ಎಲ್ಲ ಸೇರಿ ಬರ್ನರ್ ಗಾಳಿ ಎಳೆಯುವ ದಾರಿ ಮುಚ್ಚುತ್ತದೆ. ನೀಲಿ ಇರಬೇಕಾದ ಜ್ವಾಲೆ ಹಳದಿಯಾದರೆ, ಬರ್ನರ್‌ನ ಸೆರಾಮಿಕ್ ತಟ್ಟೆ ಕೆಲವೆಡೆ ಮಾತ್ರ ಕೆಂಪಾದರೆ, ಮಸಿ ಕಟ್ಟಿದರೆ ಅಂದೇ ನಿಲ್ಲಿಸಿ ಸ್ವಚ್ಛ ಮಾಡಿ. ಫಿಲ್ಟರ್ ಇದ್ದರೆ ಬ್ರೂಡಿಂಗ್ ನಡೆಯುವಷ್ಟೂ ದಿನ ದಿನಕ್ಕೊಮ್ಮೆ ಕೊಡವಿ.

ಬ್ಯಾಚ್ ಮುಗಿದಾಗ ಬ್ರೂಡರನ್ನು ಕೆಳಗಿಳಿಸಿ, ಪೂರ್ತಿ ತಣಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಕಂಪ್ರೆಸರ್ ಗಾಳಿ ಹಗುರವಾಗಿ ಹಿಡಿಯಿರಿ. ಸೆರಾಮಿಕ್ ತಟ್ಟೆಗೆ ನೀರು ತಾಗಿಸಬೇಡಿ. ಗ್ಯಾಸ್ ಬರುವ ಜೆಟ್ ತೂತಿಗೆ ಪಿನ್ನು, ತಂತಿ ಹಾಕಿ ಕೆದಕಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚಾಗಿ ಗಾಳಿ ಸಾಲದೆ ವಿಷ ಹೊಗೆ ಬರುತ್ತದೆ. ಊದಿದರೂ ಬಿಡಿಸಿಕೊಳ್ಳದಿದ್ದರೆ ಹೊಸ ಜೆಟ್ ಹಾಕಿಸಿ. ಸುಣ್ಣ ಹೊಡೆಯುವ, ಔಷಧಿ ಸಿಂಪಡಿಸುವ, ಫಾರ್ಮಲಿನ್ ಹೊಗೆ ಹಾಕುವ ದಿನ ಬ್ರೂಡರ್ ಶೆಡ್‌ನಲ್ಲೇ ಇರಬಾರದು.

ಬೇಸಿಗೆಯಲ್ಲಿ ಎತ್ತಿಡುವಾಗ ಗಾಳಿ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ. ಕಟ್ಟದೆ ಇಟ್ಟರೆ ಕಣಜ ಅದರೊಳಗೆ ಮಣ್ಣಿನ ಗೂಡು ಮಾಡುತ್ತದೆ, ಜೇಡ ಬಲೆ ನೇಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಚಳಿಗಾಲದ ಮೊದಲ ಬ್ಯಾಚ್‌ಗೆ ಹಚ್ಚುವ ಮುನ್ನ ಆ ಬಟ್ಟೆ ಬಿಚ್ಚಿ, ಟಾರ್ಚ್ ಹಿಡಿದು ಕೊಳವೆಯೊಳಗೆ ನೋಡಿ, ಹೋಸ್ ಬಾಗಿಸಿ ಬಿರುಕು ಇದೆಯೇ ಪರೀಕ್ಷಿಸಿ. ಮರಿ ಇಲ್ಲದ ಖಾಲಿ ಶೆಡ್‌ನಲ್ಲಿ ಪರದೆ ತೆರೆದಿಟ್ಟು ಒಂದು ಗಂಟೆ ಉರಿಸಿ, ಜ್ವಾಲೆ ನೀಲಿಯಾಗಿ ನಿಂತದ್ದು ಖಾತರಿಯಾದ ಮೇಲೆ ಹ್ಯಾಚರಿಗೆ ಫೋನ್ ಮಾಡಿ.