ಮೂರು ಮನೆಯ ಕಂಪನಿ: ನಡುವಿನ ಅಕ್ಷರ ನೋಡಿ

ಇಂಗ್ಲಿಷ್ ಪದಬಂಧದಲ್ಲಿ 'ಬಿಸಿನೆಸ್ ಅಬ್ರಿವಿಯೇಶನ್' (ಕಂಪನಿ ಹೆಸರಿನ ಜೊತೆ ಬರುವ ಚುಟುಕು ರೂಪ) ಅಂತ ಸುಳಿವು ಕೊಟ್ಟು ಮೂರು ಮನೆ ಬಿಟ್ಟಿದ್ದರೆ ಮೊದಲ ಅಕ್ಷರ ನಂಬಬೇಡಿ, ನಡುವಿನ ಮನೆಯನ್ನು ಹಾದುಹೋಗುವ ಪದ ಮೊದಲು ಬಿಡಿಸಿ. ಅಲ್ಲಿ ಎನ್ ಬಂದರೆ ಐಎನ್‌ಸಿ (ಇನ್‌ಕಾರ್ಪೊರೇಟೆಡ್), ಟಿ ಬಂದರೆ ಎಲ್‌ಟಿಡಿ (ಲಿಮಿಟೆಡ್), ಬಹುತೇಕ ಖಾತ್ರಿ. ಎಲ್ ಬಂದರೆ ಮಾತ್ರ ಎಲ್‌ಎಲ್‌ಸಿಯೋ (ಲಿಮಿಟೆಡ್ ಲಯಬಿಲಿಟಿ ಕಂಪನಿ) ಪಿಎಲ್‌ಸಿಯೋ (ಪಬ್ಲಿಕ್ ಲಿಮಿಟೆಡ್ ಕಂಪನಿ) ಅನ್ನೋ ಗೊಂದಲ ಉಳಿಯುತ್ತೆ. ಸುಳಿವಲ್ಲಿ ಲಂಡನ್ನಿನ ವಾಸನೆ ಇದ್ದರೆ ಪಿಎಲ್‌ಸಿ, ಅಮೆರಿಕದ್ದಾದರೆ ಎಲ್‌ಎಲ್‌ಸಿ. ಮೊದಲ ಅಕ್ಷರ ಎಲ್ ಇದ್ದರೆ ಎರಡು ಉತ್ತರ ಕೂರುತ್ತವೆ, ಕೊನೆಯದು ಸಿ ಇದ್ದರೆ ಮೂರು, ನಡುವಿನದಾದರೆ ಐಎನ್‌ಸಿ, ಎಲ್‌ಟಿಡಿ ಎರಡೂ ಖಾತ್ರಿಯಾಗುತ್ತವೆ, ಅದಕ್ಕೇ ಅದೇ ವಾಸಿ. ನಾವು ದಾವಣಗೆರೆಯವರು ದಿನಾ 'ಪ್ರೈ. ಲಿ.' ಬೋರ್ಡು ಓದಿ ಓದಿ ಕಣ್ಣುಮುಚ್ಚಿ ಎಲ್‌ಟಿಡಿ ತುಂಬಿಬಿಡ್ತೀವಿ. ಅಮೆರಿಕದ ಪದಬಂಧದಲ್ಲಿ ಐಎನ್‌ಸಿ ಇರೋದೂ ಉಂಟು, ರಬ್ಬರ್ ಕೈಯಲ್ಲೇ ಇರಲಿ. ಸುಳಿವು ಕಂಪನಿಯ ಬದಲು ಕಂಪನಿಯ ದೊಡ್ಡ ಅಧಿಕಾರಿಯ ಬಗ್ಗೆ ಇದ್ದರೆ ಈ ಲೆಕ್ಕ ಕೈಕೊಡುತ್ತೆ: ಆಗ ಸಿಇಓ, ಸಿಎಫ್ಓ. ನಾಲ್ಕು ಮನೆಯಾದರೆ ಸಿಓಆರ್‌ಪಿ (ಕಾರ್ಪೊರೇಷನ್) ಹಾಕಿ ನೋಡಿ. ಸುಳಿವೇ ಒಗಟಾಗಿರುವ ಕ್ರಿಪ್ಟಿಕ್ ಪದಬಂಧದಲ್ಲಂತೂ ಆಟವೇ ಬೇರೆ. ಅಲ್ಲಿ 'ಕಂಪನಿ', 'ಫರ್ಮ್' ಎರಡೂ ಸಾಮಾನ್ಯವಾಗಿ ಸಿಓ, ನಮ್ಮ ಮಂಡಿಪೇಟೆ ಕಡೆಯವರು ಹೇಳೋ 'ಅಂಡ್ ಕೋ'ದ ಕೋ! ಅದು ದೊಡ್ಡ ಪದದ ತುಂಡಾಗಿ ಅಡಗಿರುತ್ತೆ: 'ಕಂಪನಿ ಇನ್ ಮನಿ' ಅಂದರೆ ಸಿಓ ಪಕ್ಕ ಐಎನ್ ಸೇರಿಸಿ ಕಾಯಿನ್, ಅದರ ಅರ್ಥವೇ ಸುಳಿವಿನ 'ಮನಿ'. ಆದರೆ 'ಫರ್ಮ್' ಅಂದರೆ ಗಟ್ಟಿ ಅನ್ನೋ ಅರ್ಥವೂ ಇದೆ, ಅಲ್ಲಿ ನಾನು ಈಗಲೂ ಎಡವ್ತೀನಿ.