ಕಾಲೇಜಿನಲ್ಲೊಂದು ಪುಟ್ಟ ವಾದ್ಯ ತಂಡ: ಶ್ರುತಿಯಿಂದ ಶುರು ಮಾಡಿ

ವೀಣೆ, ಪಿಟೀಲು, ಕೊಳಲು ಕಲಿತವರು ಪ್ರತಿ ಕಾಲೇಜಿನಲ್ಲೂ ಒಂದಿಷ್ಟು ಜನ ಇರುತ್ತಾರೆ. ಯುವಜನೋತ್ಸವ ಬಂದಾಗ ಒಬ್ಬೊಬ್ಬರೇ ಹೋಗಿ ನುಡಿಸಿ ಬರುತ್ತಾರೆ. ಇವರನ್ನೆಲ್ಲ ಒಂದು ಕೋಣೆಗೆ ಸೇರಿಸುವುದು ಸುಲಭ. ಒಟ್ಟಿಗೆ ನುಡಿಸುವ ಹಾಗೆ ಮಾಡುವುದರಲ್ಲಿದೆ ಕೆಲಸ.

ಎಷ್ಟು ಜನ?

ನಾಲ್ವರು ಸಾಕು. ಮೂರು ಸ್ವರವಾದ್ಯ, ಒಂದು ಮೃದಂಗ. ಜಾಸ್ತಿ ಜನ ಸೇರಿದರೆ ಒಬ್ಬರಿಗೆ ಲ್ಯಾಬ್, ಇನ್ನೊಬ್ಬರಿಗೆ ಇಂಟರ್ನಲ್ಸ್ ಅಂತ ಎಲ್ಲರೂ ಸಿಗುವ ದಿನವೇ ಬರುವುದಿಲ್ಲ. ಆಯ್ಕೆ ಮಾಡುವಾಗ ಒಬ್ಬೊಬ್ಬರನ್ನೇ ನುಡಿಸಲು ಕೇಳಬೇಡಿ. ಇಬ್ಬರನ್ನು ಕೂರಿಸಿ ಒಂದು ಅಲಂಕಾರ (ಶುರುವಿನಲ್ಲಿ ಕಲಿಯುವ ಸ್ವರಾಭ್ಯಾಸ) ನುಡಿಸಿ ಅನ್ನಿ. ಪಕ್ಕದವರು ನಿಧಾನವಾದಾಗ ತಾನೂ ನಿಧಾನವಾಗುವವರು ನಿಮಗೆ ಬೇಕು. ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದವರಾದರೂ ಸರಿ, ಮೇಲಿನ ಹಂತದ ವಿದ್ವತ್ ಆಗಿರಲೇಬೇಕೆಂದಿಲ್ಲ.

ಶ್ರುತಿ ಯಾರದ್ದು?

ಶ್ರುತಿ ಅಂದರೆ ಆಧಾರ ಸ್ವರವಾದ ಷಡ್ಜದ (ಸ) ಎತ್ತರ. ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಪ್ರತಿಯೊಬ್ಬರೂ ತಮ್ಮ ಗುರುಗಳ ಮನೆಯಲ್ಲಿ ಕಲಿತ ಶ್ರುತಿಯನ್ನೇ ಹೊತ್ತು ಬರುತ್ತಾರೆ. ಪಿಟೀಲನ್ನು ಬೇಕಾದ ಶ್ರುತಿಗೆ ಇಳಿಸಬಹುದು, ಏರಿಸಬಹುದು. ವೀಣೆ ಅರ್ಧ ಮನೆ (ಶ್ರುತಿಯ ಎತ್ತರವನ್ನು ‘ಮನೆ’ಗಳಲ್ಲಿ ಹೇಳುತ್ತಾರೆ) ಆಚೀಚೆ ಆರಾಮಾಗಿ ಹೋಗುತ್ತದೆ, ಅದಕ್ಕಿಂತ ತುಂಬಾ ಏರಿಸಿದರೆ ತಂತಿ ಹರಿದೀತು. ಕೊಳಲು ಮಾತ್ರ ಜಗ್ಗುವುದಿಲ್ಲ. ಬಿದಿರಿನ ಉದ್ದ, ರಂಧ್ರಗಳ ಜಾಗವೇ ಅದರ ಶ್ರುತಿ. ಹಾಗಾಗಿ ಉಳಿದವರು ಕೊಳಲಿನ ಕಡೆಗೆ ಬರಬೇಕು, ಇಲ್ಲವೇ ಎಲ್ಲರೂ ಚಂದಾ ಹಾಕಿ ಇನ್ನೊಂದು ಕೊಳಲು ಕೊಳ್ಳಬೇಕು.

ಎರಡೂವರೆ ಮನೆ ಒಳ್ಳೆಯ ರಾಜಿ. ಧಾರವಾಡದ ಕಡೆಯಿಂದ ಬಂದ ಹಾರ್ಮೋನಿಯಂನವರು ಇದನ್ನೇ ಕಾಳಿ ಎರಡು (ಎರಡನೇ ಕಪ್ಪು ಮನೆ) ಅನ್ನುತ್ತಾರೆ. ಮೃದಂಗದವರಿಗೆ ಇದನ್ನು ಮೊದಲೇ ತಿಳಿಸಿ. ತಗ್ಗು ಶ್ರುತಿಗೆ ಉದ್ದದ ಮೃದಂಗ, ಏರು ಶ್ರುತಿಗೆ ಗಿಡ್ಡದ್ದು ಬೇಕಾಗುತ್ತದೆ. ಘಟವಾದರೆ ಪ್ರತಿ ಮಡಕೆಗೂ ಅದರದ್ದೇ ಶ್ರುತಿ, ಹುಡುಕಿಯೇ ತರಬೇಕು.

ಮೊದಲ ಕೆಲವು ಭೇಟಿಗಳಲ್ಲಿ ಕೃತಿಯನ್ನೇ ಮುಟ್ಟಬೇಡಿ. ಶ್ರುತಿಪೆಟ್ಟಿಗೆ ಹಾಕಿ, ಷಡ್ಜ, ಪಂಚಮ, ಮೇಲಿನ ಷಡ್ಜ ಹಿಡಿದು ಕೂರಿ. ಬೋರ್ ಆಗುತ್ತದೆ, ನಿಜ.

ಏನು ನುಡಿಸುವುದು?

ಗಮಕ (ಸ್ವರವನ್ನು ತೂಗಿಸಿ, ಜಾರಿಸಿ ನುಡಿಸುವುದು) ತುಂಬಿದ ತೋಡಿ, ವರಾಳಿ ರಾಗಗಳ ಆಸೆ ಸದ್ಯಕ್ಕೆ ಬೇಡ. ಒಂದೇ ಗಮಕವನ್ನು ಒಬ್ಬೊಬ್ಬ ಗುರುವಿನ ಶಿಷ್ಯರು ಒಂದೊಂದು ಥರ ನುಡಿಸುತ್ತಾರೆ, ಕೇಳುವವರಿಗೆ ಅಪಶ್ರುತಿ ಅನ್ನಿಸುತ್ತದೆ. ಮುತ್ತುಸ್ವಾಮಿ ದೀಕ್ಷಿತರ ಪುಟ್ಟ ರಚನೆಗಳಾದ ನೊಟ್ಟುಸ್ವರಗಳಿಂದ ಶುರು ಮಾಡಿ. ಶಂಕರಾಭರಣದ ನೇರ ಸ್ವರಗಳು, ಗಮಕ ಕಡಿಮೆ, ಇಂಗ್ಲಿಷ್ ಬ್ಯಾಂಡಿನ ಧಾಟಿ. ಕೀಬೋರ್ಡ್ ನುಡಿಸುವವರೂ ಸೇರಿಕೊಳ್ಳಬಹುದು. ಆಮೇಲೆ ಮೋಹನ ರಾಗದಲ್ಲೋ ಹಂಸಧ್ವನಿಯಲ್ಲೋ ಒಂದು ವರ್ಣ (ಕಚೇರಿಯ ಶುರುವಿಗೆ ನುಡಿಸುವ ರಚನೆ).

ಎಲ್ಲರೂ ಉದ್ದಕ್ಕೂ ಒಂದೇ ಸಾಲು ನುಡಿಸಿದರೆ ಅದು ಪಾಠದ ಕೋಣೆಯ ಸದ್ದು, ಅಲ್ವಾ? ಹಂಚಿಕೊಳ್ಳಿ. ವೀಣೆಯ ನಾದ ಮೀಟಿದ ಮೇಲೆ ಕರಗುತ್ತಾ ಹೋಗುತ್ತದೆ, ಆದ್ದರಿಂದ ಉದ್ದನೆಯ ಕಾರ್ವೆಗಳನ್ನು (ಎಳೆದು ಹಿಡಿಯುವ ಸ್ವರಗಳನ್ನು) ಕೊಳಲಿಗೋ ಪಿಟೀಲಿಗೋ ಕೊಡಿ. ಪಲ್ಲವಿ ಎಲ್ಲರದ್ದಾಗಲಿ, ಚಿಟ್ಟೆಸ್ವರ (ರಚನೆಯೊಳಗೆ ಮೊದಲೇ ಕಟ್ಟಿಟ್ಟ ಸ್ವರಗಳ ಭಾಗ) ಒಬ್ಬರಿಂದ ಒಬ್ಬರಿಗೆ ದಾಟಲಿ. ಒಬ್ಬರು ಮಂದ್ರದಲ್ಲಿ (ತಗ್ಗು ಸ್ಥಾಯಿಯಲ್ಲಿ) ಅದೇ ಸಾಲು ಹಿಡಿಯಬಹುದು. ಯಾರು ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನೂ ಸ್ವರಪುಸ್ತಕದಲ್ಲಿ ಬರೆದಿಡಿ. 1966ರಲ್ಲಿ ಲಾಲ್ಗುಡಿ ಜಯರಾಮನ್ ಪಿಟೀಲು, ಎನ್. ರಮಣಿ ಕೊಳಲು, ಆರ್. ವೆಂಕಟರಾಮನ್ ವೀಣೆ ಸೇರಿಸಿ ಕಚೇರಿ ಶುರು ಮಾಡಿದ್ದರು. ಆ ಮೂವರ ರೆಕಾರ್ಡಿಂಗನ್ನು ಒಟ್ಟಿಗೆ ಕೂತು ಕೇಳಿ. ಬಿಟ್ಟುಕೊಡುವುದು ಹೇಗೆ ಅಂತ ತಿಳಿಯುತ್ತದೆ.

ಜಾಗ, ಮೈಕು, ಮೊದಲ ವೇದಿಕೆ

ಸಂಗೀತದ ಒಲವಿರುವ ಮೇಷ್ಟ್ರೊಬ್ಬರನ್ನು ಹಿಡಿದು, ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು, ಸಂಜೆ ಸೆಮಿನಾರ್ ಹಾಲ್ ಕೇಳಿ.

ಮೈಕಿಲ್ಲದ ಕಾಲದಲ್ಲಿ ನಾದ ಹೆಚ್ಚಲಿ ಅಂತ ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ನಿಮಗೆ ಅಷ್ಟೆಲ್ಲ ಬೇಡ. ಇರುವ ಮೈಕನ್ನು ವೀಣೆಗೆ ಕೊಡಿ, ಮೃದಂಗವನ್ನು ಒಂದು ಹೆಜ್ಜೆ ಹಿಂದೆ ಕೂರಿಸಿ.

ಕಾಲೇಜ್ ಡೇ ಮೊದಲ ವೇದಿಕೆಯಾಗಬಾರದು. ಡಿಜೆ ಶುರುವಾಗಲಿ ಅಂತ ಕಾಯುವವರ ಮುಂದೆ ವೀಣೆಗೇನು ಕೆಲಸ? ಪ್ರತಿ ಸಮಾರಂಭಕ್ಕೂ ಮೊದಲು ಪ್ರಾರ್ಥನೆ ಇದ್ದೇ ಇರುತ್ತದೆ. ಆ ಐದು ನಿಮಿಷ ನಮಗೆ ಕೊಡಿ ಅನ್ನಿ. ಸಭೆ ಹೇಗೂ ಆಗ ಸುಮ್ಮನಿರುತ್ತದೆ.

ನಾಲ್ವರಲ್ಲಿ ಒಬ್ಬರಾದರೂ ಮೊದಲ ವರ್ಷದವರಿರಲಿ. ಸ್ವರಪುಸ್ತಕ ಅವರ ಬಳಿಯೇ ಇರಲಿ.